ಬೆಂಕಿಯವರಿಗೇಕೆ ಬಹುಮಾನದ ಕವಾಯತು?

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಜನವರಿ 26 ಮತ್ತು ಆಗಸ್ಟ್ 15ರಂದು ಪಥಸಂಚಲನ ನಡೆಯುವುದನ್ನು ನೀವು ನೋಡಿರುತ್ತೀರಿ. ಪೊಲೀಸರು, ಗೃಹರಕ್ಷಕರು, ಎನ್‌ಸಿಸಿ, ಸ್ಕೌಟ್ಸ್ ಅಂಡ್ ಗೈಡ್ಸ್, ಬ್ಯಾಂಡ್ ಬಾರಿಸುವ ಶಾಲಾ ಮಕ್ಕಳು. ಇವರ ನಡುವೆ ಖಾಕಿ ತೊಟ್ಟ ಅಗ್ನಿಶಾಮಕ ತುಕಡಿಯೂ ಹೆಜ್ಜೆ ಹಾಕುತ್ತದೆ. ಧ್ವಜವಂದನೆ, ಸಚಿವರ ಭಾಷಣ, ಮಕ್ಕಳ ನೃತ್ಯ ಎಲ್ಲ ಮುಗಿದ ಮೇಲೆ ಚೆನ್ನಾಗಿ ನಡೆದವರಿಗೆ ಬಹುಮಾನ ಕೂಗುತ್ತಾರೆ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಠಾಣೆಗಳ ಅನ್ನ ಉಂಡವನು ನಾನು. ಫೈರ್‌ಮನ್ ಆಗಿ ಸೇರಿ ಲೀಡಿಂಗ್ ಫೈರ್‌ಮನ್ ಆಗಿ ನಿವೃತ್ತನಾದೆ. ಹೊಸದಾಗಿ ಬಂದ ಹುಡುಗರೆಲ್ಲ ರಿಹರ್ಸಲ್ಲಿನ ಮೊದಲ ವಾರ ಒಂದೇ ಮಾತು ಕೇಳೋರು: “ಅಲ್ಲಾ ಕಣಣ್ಣಾ, ಬೆಂಕಿ ಆರ್ಸೋ ನಮ್ಗೆ ಈ ಲೆಫ್ಟು ರೈಟು ಯಾಕೆ? ಅದ್ರಲ್ಲೂ ಇಸ್ಕೂಲ್ ಮಕ್ಳಂಗೆ ಕಪ್‌ಗೆ ಯಾಕ್ ಬಡಿದಾಡ್ಬೇಕು?” ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವೂ ಕವಾಯತಿನ ಪರವಾಗಿಯೇ ಇಲ್ಲ.

1. ಬಹುಮಾನಕ್ಕಿಂತ ತಾರೀಖು ದೊಡ್ಡದು

ಠಾಣೆಯಲ್ಲಿ ಬೆಳಗಿನ ಡ್ರಿಲ್ ಅನ್ನುವುದು ಕಾಗದದ ಮೇಲೆ ದಿನಾ ಇರುತ್ತದೆ. ಆದರೆ ರಾತ್ರಿ ಕಬ್ಬಿನ ಗದ್ದೆಗೆ ಹೋಗಿ ಬಂದವರು ಬೆಳಿಗ್ಗೆ ಹೋಸ್ ಒಣಹಾಕಬೇಕು, ಗಾಡಿಗೆ ನೀರು ತುಂಬಬೇಕು. ಇಬ್ಬರು ರಜೆ, ಒಬ್ಬ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿದ್ದಾನೆ. ‘ನಾಳೆ ನೋಡೋಣ’ ಅಂತ ಡ್ರಿಲ್ ಮುಂದಕ್ಕೆ ಹೋಗುತ್ತದೆ. ನಾಳೆಯೂ ಒಂದು ಕಾಲ್ ಬರುತ್ತದೆ. ಹೀಗೆ ತಿಂಗಳುಗಟ್ಟಲೆ ಮುಂದಕ್ಕೆ ಹೋದದ್ದೂ ಉಂಟು, ಅದರಲ್ಲಿ ಯಾರ ಸೋಮಾರಿತನವೂ ಇರುವುದಿಲ್ಲ.

ಜನವರಿ 26 ಮಾತ್ರ ಯಾರಿಗಾಗಿಯೂ ಮುಂದಕ್ಕೆ ಹೋಗುವುದಿಲ್ಲ. ಅದರಲ್ಲೂ ಪಕ್ಕದಲ್ಲಿ ನಡೆಯುವವರ ಜೊತೆ ನಮ್ಮನ್ನು ತೂಗಿ ನೋಡುತ್ತಾರೆ ಎಂದಾಗ ಎಲ್ಲರಿಗೂ ಬಿಸಿ ಮುಟ್ಟುತ್ತದೆ. ಹರಿದ ಬೂಟು ಬದಲಾಗುತ್ತದೆ. ವರ್ಷದಿಂದ ಕೇಳುತ್ತಿದ್ದ ಬೆಲ್ಟು ಸ್ಟೋರಿನಿಂದ ಹೊರಗೆ ಬರುತ್ತದೆ. ಹೊಟ್ಟೆ ಬಂದವನು ಬೆಳಿಗ್ಗೆ ಐದಕ್ಕೇ ಎದ್ದು ಓಡುತ್ತಾನೆ. ಬರೀ ‘ಭಾಗವಹಿಸಿ’ ಎಂದಿದ್ದರೆ ಇದರಲ್ಲಿ ಅರ್ಧವೂ ಆಗುತ್ತಿರಲಿಲ್ಲ. ಸ್ಪರ್ಧೆಯಿಂದ ನನಗೆ ಕಂಡ ಮೊದಲ ಲಾಭ ಇದೇ, ಮತ್ತು ಇದು ಕಪ್ ಯಾರಿಗೆ ಬಂದರೂ ನಮ್ಮ ಬಳಿಯೇ ಉಳಿಯುತ್ತದೆ.

2. ಮೂರು ಠಾಣೆಯವರು ಒಂದು ಸಾಲಿನಲ್ಲಿ ನಿಲ್ಲುವುದು ಅಪರೂಪ

ನಮ್ಮ ಕೆಲಸ ಪಾಳಿಯದು. ಒಂದು ಗಾಡಿ, ಅದರಲ್ಲಿ ಕೂರುವ ಐದಾರು ಜನ, ಅಷ್ಟೇ ನಮ್ಮ ಲೋಕ. ಮಂಡ್ಯದಿಂದ ಮದ್ದೂರು ಇಪ್ಪತ್ತು ಕಿಲೋಮೀಟರ್ ಆಸುಪಾಸು. ಆದರೂ ಅಲ್ಲಿಯ ಹುಡುಗನ ಮುಖ ಇಲ್ಲಿಯವನಿಗೆ ಗೊತ್ತಿರುವುದಿಲ್ಲ. ಕೆಲಸದ ರೀತಿಯೂ ಬೇರೆ. ಮಂಡ್ಯದವರಿಗೆ ಪೇಟೆಯ ಇಕ್ಕಟ್ಟು, 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆ, ಸುತ್ತಲಿನ ಆಲೆಮನೆಗಳು. ಮದ್ದೂರಿನವರಿಗೆ ಅಕ್ಕಿ ಗಿರಣಿ, ಶಿಂಷಾ ನದಿ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. ನಜ್ಜುಗುಜ್ಜಾದ ಕಾರಿನ ಬಾಗಿಲು ಕತ್ತರಿಸಿ ಜನರನ್ನು ಹೊರಗೆ ತೆಗೆಯುವುದರಲ್ಲಿ ಅವರ ಕೈ ಪಳಗಿದೆ. ಮಳವಳ್ಳಿಯವರದು ನೀರಿನ ಕೆಲಸ: ಗಗನಚುಕ್ಕಿ ಒಂದು ಕಡೆ, ಮುತ್ತತ್ತಿ ಇನ್ನೊಂದು ಕಡೆ. ಕಾವೇರಿಯ ಸುಳಿಗೆ ಸಿಕ್ಕವರನ್ನು ಹುಡುಕುವ ಕಷ್ಟ ಅವರನ್ನೇ ಕೇಳಬೇಕು.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥ ಜಾಗದಲ್ಲಿ ಒಂದು ಠಾಣೆಯ ಕೈ ಸಾಲದು. ಎಲ್ಲಿಂದಲೋ ಬಂದವರು ಗುರುತಿಲ್ಲದವರ ಜೊತೆ ಒಂದೇ ಹಗ್ಗ ಹಿಡಿಯಬೇಕು, ಯಾರ ಮಾತು ಕೇಳಬೇಕೆಂದು ಆ ಕ್ಷಣದಲ್ಲಿ ಚರ್ಚೆ ಮಾಡುತ್ತ ನಿಲ್ಲಲಾಗದು. ಬೇರೆ ಬೇರೆ ಠಾಣೆಯವರು ಒಬ್ಬನ ಕೂಗಿಗೆ ಒಟ್ಟಿಗೆ ಕಾಲೆತ್ತಿ ಇಡುವ ಅಭ್ಯಾಸ ನಮಗೆ ಸಿಗುವುದು ಆ ರಿಹರ್ಸಲ್ ಮೈದಾನದಲ್ಲಿ. ತುಕಡಿಯ ಮುಂದಾಳು ಯಾವ ಠಾಣೆಯವನಾದರೂ ಸರಿ, ಅವನ ದನಿ ಕಿವಿಗೆ ಒಗ್ಗಿರುತ್ತದೆ.

3. ಹೆಜ್ಜೆ ಮತ್ತು ಹೋಸ್ ಎರಡೂ ಒಂದೇ ಪಾಠ

ತೇಜ್ ಚಲ್ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಅಂಗುಲ. ಲೆಕ್ಕ ಹಾಕಿದರೆ ನಿಮಿಷಕ್ಕೆ 300 ಅಡಿ. ಆರಡಿ ಎತ್ತರದವನೂ ಐದೂವರೆ ಅಡಿಯವನೂ ಅಷ್ಟೇ ಹೋಗಬೇಕು. ಉದ್ದ ಕಾಲಿನವನು ತನ್ನ ಹೆಜ್ಜೆ ಮೊಟಕು ಮಾಡಿಕೊಳ್ಳುತ್ತಾನೆ, ಗಿಡ್ಡನೆಯವನು ಎಳೆದು ಹಾಕುತ್ತಾನೆ.

ಈಗ ನೀರು ತುಂಬಿದ 63 ಮಿ.ಮೀ. ಡೆಲಿವರಿ ಹೋಸ್ ಹಿಡಿದು ಮುಂದಕ್ಕೆ ಹೋಗುವುದನ್ನು ನೆನೆಯಿರಿ. ಮುಂದಿರುವವನು ಬ್ರಾಂಚ್, ಅಂದರೆ ನೀರು ಚಿಮ್ಮುವ ಮೂತಿ, ಹಿಡಿದಿದ್ದಾನೆ. ನೀರು ಮುಂದಕ್ಕೆ ಚಿಮ್ಮುವಷ್ಟೇ ಜೋರಾಗಿ ಅವನನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದಿನವನು ಆ ಒತ್ತಡಕ್ಕೆ ಹೆಗಲು ಕೊಟ್ಟು ನಿಲ್ಲಬೇಕು, ಅವನ ಹಿಂದಿನವನು ಹೋಸ್ ಎಳೆದು ಕೊಡಬೇಕು. ಮುಂದಿನವನು ಒಂದು ಹೆಜ್ಜೆ ಇಟ್ಟಾಗ ಹಿಂದಿನವನು ಎರಡು ಇಟ್ಟರೆ ಹೋಸ್ ಮಡಚಿ ನೀರು ನಿಲ್ಲುತ್ತದೆ, ಇಡದೆ ನಿಂತರೆ ಮುಂದಿನವನು ಮುಗ್ಗರಿಸುತ್ತಾನೆ. ಪಂಪಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಸೀಟಿ ಮತ್ತು ಕೈಸನ್ನೆಯೇ ಗತಿ. ಹೊಗೆಯಲ್ಲಿ ಅದೂ ಕಾಣದೆ ಹೋದಾಗ ಪಕ್ಕದವನ ಮೈಯ ಚಲನೆಯಿಂದಲೇ ತಿಳಿಯಬೇಕು.

ಕವಾಯತಿನಲ್ಲಿ ಡ್ರೆಸ್ಸಿಂಗ್ ಅನ್ನುತ್ತಾರೆ: ಕತ್ತು ತಿರುಗಿಸದೆ, ಕಣ್ಣಂಚಿನಲ್ಲೇ ಪಕ್ಕದವನ ಎದೆ ನೋಡಿಕೊಂಡು ಸಾಲು ನೇರ ಇಡುವುದು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ ಪಡೆಯುವಾಗ ಹೋಸ್ ಡ್ರಿಲ್, ಏಣಿ ಡ್ರಿಲ್, ಪಂಪ್ ಡ್ರಿಲ್ ಎಲ್ಲದಕ್ಕೂ ಮೊದಲು ಸಾಲಾಗಿ ನಿಂತು ನಂಬರ್ ಕೂಗಿಸುತ್ತಾರೆ. ಒಂದನೇ ನಂಬರಿನವನ ಕೆಲಸ ಇದು, ಎರಡನೆಯವನದು ಅದು ಎಂದು ಹಂಚಿಹೋಗುತ್ತದೆ. ಆಮೇಲೆ ಬೆಂಕಿಯ ಮುಂದೆ ‘ನೀನು ಮಾಡು, ನಾನು ಮಾಡ್ತೀನಿ’ ಎಂಬ ಮಾತೇ ಬರುವುದಿಲ್ಲ.

4. ಸಾಲು ಬಿಡುವುದನ್ನೂ ಕಲಿಸಬೇಕು

ಇದನ್ನು ಕವಾಯತು ಮೇಷ್ಟರುಗಳು ಒಪ್ಪಲಿಕ್ಕಿಲ್ಲ. ಹುಲ್ಲಿನ ಮೆದೆಗೆ ಬೆಂಕಿ ಬಿದ್ದರೆ ನೇರ ಸಾಲಿನಿಂದ ಏನೂ ಆಗುವುದಿಲ್ಲ. ಮೇಲಿಂದ ಎಷ್ಟು ನೀರು ಬಿಟ್ಟರೂ ಅದು ಮೇಲ್ಪದರದಲ್ಲೇ ಜಾರಿ ಹೋಗುತ್ತದೆ. ಒಳಗೆ ಕೆಂಡ ಹಾಗೇ ಕೂತಿರುತ್ತದೆ. ಜೆಸಿಬಿ ತರಿಸಿ, ಇಲ್ಲದಿದ್ದರೆ ಊರಿನವರ ಕೈಗೆ ಕವೆಗೋಲು ಕೊಟ್ಟು ಮೆದೆ ಕೆಡವಬೇಕು, ಎಳೆದು ಹರವಬೇಕು, ಹರವಿದ್ದಕ್ಕೆ ನೀರು ಹೊಡೆಯಬೇಕು. ಅಲ್ಲಿ ಯಜಮಾನಮ್ಮ ಅಳುತ್ತಿರುತ್ತಾರೆ, ಕೊಟ್ಟಿಗೆಯಲ್ಲಿ ಕಟ್ಟಿದ ದನ ಕೂಗುತ್ತಿರುತ್ತದೆ, ನೂರು ಜನ ನೂರು ಸಲಹೆ ಕೊಡುತ್ತಿರುತ್ತಾರೆ. ಕಬ್ಬಿನ ಗದ್ದೆಯಲ್ಲಿ ಇನ್ನೂ ಬೇರೆ. ಒಣಗಿದ ತರಗು ಹೊತ್ತಿಕೊಂಡರೆ ಗಾಳಿ ತಿರುಗಿದ ಕಡೆ ಬೆಂಕಿ ತಿರುಗುತ್ತದೆ; ಆಜ್ಞೆ ಬರಲಿ ಎಂದು ನಿಂತವನು ನಡುವೆ ಸಿಕ್ಕಿಕೊಳ್ಳುತ್ತಾನೆ.

ನಾನು ಕಂಡ ಒಳ್ಳೆಯ ಕವಾಯತುಗಾರರಲ್ಲಿ ಕೆಲವರು ಸ್ಥಳದಲ್ಲಿ ಸಾಧಾರಣ. ಬೆಂಕಿಯ ಮುಂದೆ ಹುಲಿಯಂತಿದ್ದ ಒಬ್ಬನಿಗೆ ಕೊನೆಯವರೆಗೂ ಎಡಗಾಲು ಮೊದಲು ಎತ್ತುವುದು ಬರಲೇ ಇಲ್ಲ. ತುಕಡಿಗೆ ಆರಿಸುವಾಗ ಅವನನ್ನು ಬಿಡಿ, ತಪ್ಪಿಲ್ಲ. ಆದರೆ ಅವನ ಬಡ್ತಿಯ ಫೈಲಿನಲ್ಲಿ ಅದು ಬರಬಾರದು.

5. ಠಾಣೆ ಖಾಲಿ ಮಾಡಿ ಮೈದಾನ ತುಂಬಬಾರದು

ಆಗಸ್ಟ್ 15 ನಮಗೆ ಸಲೀಸು, ಮಳೆಗಾಲ. ಜನವರಿ 26 ಹಾಗಲ್ಲ. ಭತ್ತದ ಕೊಯ್ಲು ಮುಗಿದು ಊರೂರಲ್ಲಿ ಮೆದೆ ಎದ್ದಿರುತ್ತದೆ, ಕಬ್ಬು ಕಡಿಯುವ ಹಂಗಾಮು, ಆಲೆಮನೆಗಳು ಹಗಲೂ ರಾತ್ರಿ ಉರಿಯುತ್ತಿರುತ್ತವೆ. ಬೆಂಕಿಯ ಕಾಲ ಶುರುವಾಗುವ ಹೊತ್ತಿಗೇ ನಮ್ಮ ಕವಾಯತೂ ಬರುತ್ತದೆ.

ಒಬ್ಬ ಅಧಿಕಾರಿಗೆ ತುಕಡಿ ದೊಡ್ಡದಾಗಿ ಕಾಣಬೇಕೆಂಬ ಆಸೆ ಇತ್ತು. ಡ್ಯೂಟಿಯಲ್ಲಿದ್ದವರನ್ನೂ ಕರೆಸಿ ಎಂದರು. ಪಾಳಿಯವರು ಕದಲುವುದಿಲ್ಲ ಎಂದು ಠಾಣಾಧಿಕಾರಿ ಹೇಳಿದರು, ಒಂದಿಷ್ಟು ಮುನಿಸೂ ಕಟ್ಟಿಕೊಂಡರು. ಅವರು ಹೇಳಿದ್ದೇ ಸರಿ. ಗಾಡಿ ಹತ್ತುವ ತಂಡ, ವಾಚ್ ರೂಮಿನ ಫೋನಿನ ಮುಂದೆ ಕೂತವನು, ಡ್ರೈವರ್, ಇವರು ಬಹುಮಾನಕ್ಕೆ ಸಂಬಂಧವೇ ಇಲ್ಲದವರಂತೆ ಠಾಣೆಯಲ್ಲೇ ಇರಬೇಕು. ಕಪ್ ಬಂದ ದಿನ ಮೊದಲ ಮೈಸೂರು ಪಾಕು ಮಾತ್ರ ಅವರಿಗೇ.

6. ಗೆಲ್ಲುವುದು ಕಷ್ಟ, ಆದರೂ ಹೋಗಿ

ಸಮವಸ್ತ್ರದವರ ವಿಭಾಗದಲ್ಲಿ ನಮ್ಮ ಎದುರಿಗೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಇರುತ್ತದೆ. ಕವಾಯತೇ ಅವರ ಊಟ ತಿಂಡಿ. ಅವರ ಮುಂದೆ ನಾವು ಗೆದ್ದರೆ ಅದು ಸುದ್ದಿ. ಅಂಕ ಹಾಕುವವರು ನೋಡುವುದು ಉಡುಪು, ಸಾಲು, ಕೈ ಬೀಸು, ವಂದನೆ. ಹೋಸ್ ಎಷ್ಟು ಬೇಗ ಬಿಚ್ಚುತ್ತೀರಿ ಎಂದು ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ನಾನು ಇದರಿಂದ ಪಡೆದದ್ದು ಬೇರೆ. ರಿಹರ್ಸಲ್ ದಿನಗಳಲ್ಲಿ ಬೆಳಗಿನ ಕಾಫಿಗೆ ಒಟ್ಟಿಗೆ ನಿಂತ ಪೊಲೀಸಿನವರು, ಗೃಹರಕ್ಷಕರು ಮುಂದೆ ಯಾವುದೋ ಅಪಘಾತದ ಜಾಗದಲ್ಲಿ ಎದುರಾಗುತ್ತಾರೆ. “ಅಣ್ಣ, ಈ ಕಡೆ ಜನ ತಡೀರಿ” ಎಂದು ಹೆಸರು ಹಿಡಿದು ಹೇಳಿದರೆ ಕೆಲಸ ತಕ್ಷಣ ಆಗುತ್ತದೆ. ಗುರುತಿಲ್ಲದಿದ್ದರೆ ‘ನಿಮ್ಮ ಸಾಹೇಬರಿಗೆ ಹೇಳಿ’ ಎಂಬಲ್ಲಿಗೆ ಹೋಗುತ್ತದೆ. ಕನಗನಮರಡಿ ದುರಂತದ ದಿನವೇ ಮಂಡ್ಯದ ನಟ-ರಾಜಕಾರಣಿ ಅಂಬರೀಶ್ ತೀರಿಕೊಂಡರು. ಮಾರನೆ ದಿನ ಅವರ ಪಾರ್ಥಿವ ಶರೀರವನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟದ್ದು ಇದೇ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ. ಜನಸಾಗರ. ಒಂದೇ ಜಿಲ್ಲೆಗೆ ಎರಡು ದಿನದಲ್ಲಿ ಅಷ್ಟೆಲ್ಲ ಬಂದಾಗ ಇಲಾಖೆ ಇಲಾಖೆಗಳ ನಡುವೆ ಮುಖಪರಿಚಯ ಇದ್ದರೆ ಎಷ್ಟು ಹಗುರ ಎಂದು ಮಂಡ್ಯದವರಿಗೆ ವಿವರಿಸಬೇಕಿಲ್ಲ.

7. ಬೇರೆಯವರ ಕಾರಣ ಬೇರೆ

ಅಮೆರಿಕದಲ್ಲಿ ಊರೂರಿನ ಸ್ವಯಂಸೇವಕ ಅಗ್ನಿಶಾಮಕರು ಮೆರವಣಿಗೆ ಮಾಡಿ, ಒಳ್ಳೆಯ ತುಕಡಿಗೆ, ಒಳ್ಳೆಯ ಗಾಡಿಗೆ ಕಪ್ ಗೆಲ್ಲುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಕೈಪಂಪುಗಳನ್ನು ಒತ್ತಿ ಯಾರ ನೀರು ದೂರ ಹೋಗುತ್ತದೆ ಎಂದೂ ಪಂದ್ಯ ಕಟ್ಟುತ್ತಿದ್ದರು. ಅವರಿಗೆ ಚಂದಾ ಬೇಕು, ಹೊಸ ಸದಸ್ಯರು ಬೇಕು. ಮೆರವಣಿಗೆ ಅದಕ್ಕೆ ದಾರಿ. ಜಪಾನಿನವರು ಜನವರಿ ಮೊದಲ ವಾರದಲ್ಲಿ ಬಿದಿರಿನ ಏಣಿಯ ತುದಿಯಲ್ಲಿ ಕಸರತ್ತು ತೋರಿಸುವ ದೆಜೋಮೆಶಿಕಿ ನಡೆಸುತ್ತಾರೆ. ಈಗಿನ ಟೋಕಿಯೊ ನಗರ 1657ರಲ್ಲಿ ಸುಟ್ಟುಹೋದ ಮೇಲೆ, ನಿಮ್ಮನ್ನು ಕಾಯಲು ನಾವಿದ್ದೇವೆ ಎಂದು ಜನಕ್ಕೆ ಧೈರ್ಯ ಹೇಳಲು ಶುರುವಾದದ್ದು ಅದು. ನಾವು ಸರ್ಕಾರಿ ನೌಕರರು. ಚಂದಾ ಎತ್ತಬೇಕಿಲ್ಲ, ಸೇರಿ ಎಂದು ಕರೆಯಬೇಕಿಲ್ಲ. ನಮ್ಮ ಕವಾಯತು ಮೊದಲು ನಮಗಾಗಿ.

8. ಬಹುಮಾನವಿಲ್ಲದ ಕವಾಯತೂ ಒಂದಿದೆ

ಏಪ್ರಿಲ್ 14. 1944ರ ಆ ದಿನ ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯ ಮೂಟೆ, ಅದರ ಜೊತೆಗೆ ಸಾವಿರ ಟನ್ನಿಗೂ ಮಿಕ್ಕ ಸ್ಫೋಟಕ. ನೀರು ಹೊಡೆಯುತ್ತಿದ್ದಾಗಲೇ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಪ್ರತಿ ಠಾಣೆಯಲ್ಲೂ ಸಾಲಾಗಿ ನಿಂತು, ಪುಷ್ಪಗುಚ್ಛ ಇಟ್ಟು, ಅಗ್ನಿಶಾಮಕ ಸೇವಾ ಸಪ್ತಾಹ ಶುರುಮಾಡುತ್ತೇವೆ. ಯಾರೂ ಅಂಕ ಹಾಕುವುದಿಲ್ಲ. ಹಾಗಿದ್ದೂ ಆ ದಿನದ ಸಾಲು ಜನವರಿಯ ಸಾಲಿಗಿಂತ ನೇರವಾಗಿರುವುದನ್ನು ನಾನು ಮೂರೂ ಠಾಣೆಗಳಲ್ಲಿ ನೋಡಿದ್ದೇನೆ.

9. ಮುಗಿದ ಮೇಲಿನ ಅರ್ಧ ಗಂಟೆ ಕಳೆಯಬೇಡಿ

ಜಿಲ್ಲಾ ಕ್ರೀಡಾಂಗಣದ ಕವಾಯತಿಗೆ ಕೊಡುವಷ್ಟೇ ಗೌರವವನ್ನು ತಾಲ್ಲೂಕುಗಳಲ್ಲಿ ನಡೆಯುವ ಕವಾಯತಿಗೂ ಕೊಡಬೇಕು. ಮದ್ದೂರಿನಲ್ಲಂತೂ, 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಊರಿದು ಎಂದು ಆಗಸ್ಟ್ 15ಕ್ಕೆ ಜನ ಬೇರೆಯದೇ ಹುಮ್ಮಸ್ಸಿನಲ್ಲಿ ಬರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ಗಾಡಿ ಸುತ್ತ ಸೇರುತ್ತಾರೆ, ಅವರ ಹಿಂದೆ ಅಪ್ಪ ಅಮ್ಮಂದಿರು. ಬೆಂಕಿ ಬಿದ್ದಾಗ ನಾವು ಹೇಳುವುದು ಯಾರ ಕಿವಿಗೂ ಹೋಗುವುದಿಲ್ಲ, ಇಲ್ಲಿ ಹೋಗುತ್ತದೆ. ಹುಡುಗರೇ, ಬೂಟು ಬಿಚ್ಚುವ ಅವಸರ ಬೇಡ, ಗಾಡಿಯ ಪಕ್ಕ ನಿಂತು ಮಾತಾಡಿ.

ಓದುಗರಿಗೂ ಹೇಳುವುದು ಅದನ್ನೇ. ಮುಂದಿನ ಸಲ ಕ್ರೀಡಾಂಗಣಕ್ಕೆ ಬಂದರೆ ಚಪ್ಪಾಳೆ ತಟ್ಟಿ ಹೊರಟುಬಿಡಬೇಡಿ, ಗಾಡಿಯ ಹತ್ತಿರ ಬಂದು ನಿಮ್ಮ ಊರಿಗೆ ದಾರಿ ಹೇಗೆ, ನೀರು ಎಲ್ಲಿ ಸಿಗುತ್ತದೆ ಎಂದು ನಮ್ಮವರಿಗೆ ತಿಳಿಸಿ. ಹುಲ್ಲಿನ ಮೆದೆಯನ್ನು ಮನೆಗೆ, ಕೊಟ್ಟಿಗೆಗೆ ತಾಗಿಸಿ ಹಾಕಬೇಡಿ, ಕರೆಂಟ್ ತಂತಿಯ ಕೆಳಗಂತೂ ಬೇಡವೇ ಬೇಡ. ಬೆಂಕಿ ಕಂಡರೆ 112ಕ್ಕೆ ಫೋನ್ ಮಾಡಿ, ಊರಿನ ಹೆಸರಿನ ಜೊತೆ ಹೋಬಳಿಯ ಹೆಸರನ್ನೂ ಹೇಳಿ. ನಮ್ಮ ಜಿಲ್ಲೆಯಲ್ಲಿ ಹೊಸಹಳ್ಳಿಗಳು ಒಂದೆರಡಲ್ಲ.