ಅಟ್ಟದ ತೇವ: ಸೋರಿಕೆಯೋ, ಬೆವರೋ?



ಅಡಿಕೆ, ಕಾಫಿ ಬೆಳೆಯುವ ನಮ್ಮ ಪತ್ರಿಕೆಯಲ್ಲಿ ಬೀದರ್ ಸೀಮೆಯ ಮಾತೇಕೆಂದು ತಾವು ಕೇಳಬಹುದು. ಸಹಕಾರ ಸಂಘಗಳ ಕೆಲಸ ನೋಡಲೆಂದು ಕಳೆದ ಡಿಸೆಂಬರಿನಲ್ಲಿ ನಾವು ಬೀದರ್, ಭಾಲ್ಕಿ, ಔರಾದ್ ಕಡೆ ಹೋಗಿದ್ದೆವು. ಸಂಘಗಳ ವಿಷಯವಾಗಿ ಕಲಿತದ್ದನ್ನು ಮತ್ತೊಮ್ಮೆ ಬರೆಯುತ್ತೇವೆ. ಅಲ್ಲಿನ ಮನೆಯೊಂದರ ಅಟ್ಟದಲ್ಲಿ ಕಲಿತ ಪಾಠವನ್ನು ಮಾತ್ರ ಮಳೆಗಾಲಕ್ಕೆ ಮೊದಲೇ ತಮ್ಮ ಮುಂದಿಡಬೇಕೆನಿಸಿತು.

ಭಾಲ್ಕಿಯ ಹತ್ತಿರ ನಾವು ಇಳಿದುಕೊಂಡದ್ದು ಒಬ್ಬ ರೈತರ ಮನೆಯಲ್ಲಿ. ಹಿಂದೆ ಅದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆ ತೆಗೆದು ತಗಡು ಹೊದಿಸಿ, ಅದರ ಕೆಳಗೆ ಹಲಗೆಯ ಅಟ್ಟ ಮಾಡಿದ್ದರು. ಮುಂದಿನ ಬಿತ್ತನೆಗೆ ಇಟ್ಟ ಉದ್ದು, ಹೆಸರಿನ ಚೀಲಗಳು ಅಟ್ಟದ ಮೇಲೆ. ಚೀಲ ಬಿಚ್ಚಿದರೆ ಮುಗ್ಗಲು ವಾಸನೆ, ಕಾಳಿನ ಮೇಲೆ ಬೂಷ್ಟು. ತಗಡು ಸೋರುತ್ತಿದೆಯೆಂದು ಅವರು ಮೂರು ಬಾರಿ ಡಾಂಬರು ಬಳಿಸಿದ್ದರು. "ಮಳಿ ಇಲ್ಲ, ಮಾಡ ಇಲ್ಲ, ಆದ್ರೂ ಮುಂಜಾನಿಗಿ ಹನಿ ಬೀಳಲತ್ತಾವ್ರಿ" ಎಂದರು. ಉತ್ತರ ಅವರ ಮಾತಿನಲ್ಲೇ ಇತ್ತು. ಮಳೆಯಿಲ್ಲದ ದಿನ ಬೀಳುವ ಹನಿ ಸೋರಿಕೆಯದಲ್ಲ. ಅದು ಮನೆಯ ಒಳಗಿನದೇ ನೀರು.

ಇದರ ಲೆಕ್ಕ ಸುಲಭ. 30 ಡಿಗ್ರಿ ಬಿಸಿಯಿರುವ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಿನ ಆವಿಯನ್ನು ಹಿಡಿದುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ. ಮಿಕ್ಕದ್ದು ಎಲ್ಲಿ ತಣ್ಣಗಿದೆಯೋ ಅಲ್ಲಿ ಹನಿಯಾಗಿ ಕೂರುತ್ತದೆ. ಬೀದರ್ ಸೀಮೆಯ ಚಳಿಗಾಲದ ರಾತ್ರಿ ಆಕಾಶ ಶುಭ್ರ, ತಗಡು ಬೇಗ ತಣಿಯುತ್ತದೆ. ಕೆಳಗೆ ಅಡಿಗೆಮನೆ, ಬಚ್ಚಲ ಆವಿ. ಹಳೆಯ ಮಾಳಿಗೆಗೆ ಇದ್ದ ಬೆಳಕಿಂಡಿಯನ್ನು ತಗಡು ಹಾಕುವಾಗ ಮುಚ್ಚಿದ್ದರು. ಹೋಗಲು ದಾರಿಯಿಲ್ಲದ ಆವಿ ತಗಡಿನ ಒಳಮೈಯಲ್ಲಿ ಬೆವರಾಗಿ, ಚೀಲದ ಮೇಲೆ ಹನಿಯುತ್ತಿತ್ತು.

ಸೌದೆಯ ಒಲೆ ಹೋಗಿ ಗ್ಯಾಸ್ ಬಂದಮೇಲೆ ಆವಿ ಎಲ್ಲಿಂದ ಬಂತೆಂದು ಕೆಲವರು ಕೇಳುತ್ತಾರೆ. ಒಂದು ಕಿಲೋ ಅಡಿಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಹೊರಬರುತ್ತದೆ. 14.2 ಕಿಲೋ ಸಿಲಿಂಡರ್ ಮುಗಿಯುವುದರೊಳಗೆ 20 ಲೀಟರಿಗೂ ಮಿಕ್ಕಿ ನೀರು ಮನೆಯ ಗಾಳಿಗೆ ಸೇರಿರುತ್ತದೆ. ಸೌದೆಯೂ ಆವಿ ಬಿಡುತ್ತಿತ್ತು, ನಿಜ. ಆದರೆ ಅದರ ಕಾವು ಅಟ್ಟವನ್ನು ಬೆಚ್ಚಗಿಡುತ್ತಿತ್ತು, ಹೊಗೆ ಹಂಚಿನ ಸಂದಿಯಲ್ಲಿ ಆವಿಯನ್ನೂ ಎಳೆದೊಯ್ಯುತ್ತಿತ್ತು. ಹೊಗೆ ಕಣ್ಣಿಗೂ ಎದೆಗೂ ಕೇಡು. ಅದು ಹೋದದ್ದು ಒಳ್ಳೆಯದೇ. ಅದು ಮಾಡುತ್ತಿದ್ದ ಕೆಲಸವನ್ನು ಯಾರಿಗೂ ವಹಿಸದೆ ಬಿಟ್ಟದ್ದು ನಮ್ಮ ತಪ್ಪು.

ಅಟ್ಟಕ್ಕೆ ತೇವ ಬರುವ ದಾರಿಗಳು ಮೂರು. ಮೊದಲು ಯಾವ ದಾರಿಯೆಂದು ತಿಳಿಯಬೇಕು, ಆಮೇಲೆ ಹಣ ಖರ್ಚು ಮಾಡಬೇಕು.

1. ಮೇಲಿನಿಂದ ಬರುವುದು ಸೋರಿಕೆ. ಮಳೆ ಬಂದ ಮೇಲೆ ಕಾಣುತ್ತದೆ. ಕಲೆ ಒಂದೇ ಕಡೆ, ಅಂಚಿಗೆ ಕಂದು ಗೆರೆ.

2. ಗೋಡೆಯಿಂದ ಏರುವುದು. ನೆಲದಿಂದ ಮೇಲಕ್ಕೆ ಗಾರೆ ಉಬ್ಬಿ, ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ.

3. ಒಳಗಿನ ಬೆವರು. ಬೆಳಗಿನ ಜಾವ ಹೆಚ್ಚು, ಬಿಸಿಲೇರಿದರೆ ಮಾಯ. ಹನಿಗಳು ತಗಡಿನ ಉದ್ದಕ್ಕೂ ಸಮನಾಗಿರುತ್ತವೆ. ಮೊಳೆಯ ತುದಿಗಳು ಮೊದಲು ತುಕ್ಕು ಹಿಡಿಯುತ್ತವೆ.

ಗೋಡೆಯ ವಿಷಯದಲ್ಲಿ ಅನುಮಾನವಿದ್ದರೆ ಒಂದು ಗೇಣು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ನೀರು ಹಾಳೆಯ ಹಿಂಬದಿ ಕೂತರೆ ಗೋಡೆಯದು, ಮುಂಬದಿ ಕೂತರೆ ಮನೆಯ ಗಾಳಿಯದು.

ಎರಡನೆಯ ದಾರಿಯನ್ನು ಬೀದರ್ ನಗರದಲ್ಲಿ ಚೆನ್ನಾಗಿ ನೋಡಬಹುದು. ಆ ಊರು ನಿಂತಿರುವುದೇ ನಾವು ಮುರಕಲ್ಲು, ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲಿನ ಮೇಲೆ. ಕೋಟೆಯ ಕಂದಕವನ್ನೂ ಅದರಲ್ಲೇ ಕಡಿದಿದ್ದಾರೆ. ತೂತು ತೂತಾದ ಈ ಕಲ್ಲು ಮಳೆಯನ್ನು ಕುಡಿಯುತ್ತದೆ, ಕೆಳಗಿನ ಕರಿಕಲ್ಲು ಅದನ್ನು ತಡೆದು ನಿಲ್ಲಿಸುತ್ತದೆ. ಇದನ್ನರಿತೇ ಬಹಮನಿ ಕಾಲದವರು ನೆಲದೊಳಗೆ ಕರೇಜ್ ಎಂಬ ಸುರಂಗ ಕಾಲುವೆ ತೋಡಿ ನೀರು ತಂದರು. ಕಾಲುವೆಗೆ ನೀರು ಕೊಡುವ ಗುಣವೇ ಗೋಡೆಯಲ್ಲಿ ಉಪದ್ರವ. ಸುಣ್ಣದ ಗಾರೆಯಿದ್ದಾಗ ಗೋಡೆ ಕುಡಿದದ್ದನ್ನು ಬೇಸಗೆಯಲ್ಲಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಗಾರೆ, ಎಣ್ಣೆ ಬಣ್ಣ ಬಳಿದರೆ ಬಾಯಿ ಕಟ್ಟಿದಂತೆ. ನೀರು ಇನ್ನೂ ಮೇಲೇರಿ ಅಟ್ಟದ ತೊಲೆಯ ತುದಿಯನ್ನು ಹುಡುಕುತ್ತದೆ. ಮುರಕಲ್ಲಿನ ಮನೆಗಳು ನಮ್ಮಲ್ಲೂ ಕಡಿಮೆಯಿಲ್ಲ.

ಔರಾದ್ ಕಡೆಯ ಹಳ್ಳಿಗಳಲ್ಲಿ ಕಂಡದ್ದು ಮಣ್ಣಿನ ಮಾಳಿಗೆಗಳು. ಉತ್ತರ ಕರ್ನಾಟಕದ ಮಾಳಿಗೆಗಳಿಗೆ ಮಳೆಗೆ ಮೊದಲು ಕರಲು ಮಣ್ಣು ಹೊದಿಸುವ ಪದ್ಧತಿಯಿದೆ. ಆ ಸವುಳು ಮಣ್ಣು ನೆನೆದರೆ ನುಣ್ಣಗೆ ಕರಗಿ ಸಂದುಗಳನ್ನು ತಾನೇ ಮುಚ್ಚುತ್ತದೆ. ಆದರೆ ಹಳೆಯ ಪದರ ಕೆರೆಯದೆ ವರ್ಷ ವರ್ಷವೂ ಹೊಸದು ಹಾಕಿದರೆ ಭಾರ ಏರುತ್ತದೆ. ನೆನೆದ ಮಣ್ಣಿನ ಭಾರ ಇನ್ನೂ ಹೆಚ್ಚು. ತೊಲೆ ಒಳಗೆ ಕೊಳೆತಿದ್ದರೆ ಜಡಿಮಳೆಯ ರಾತ್ರಿ ಮಾಳಿಗೆ ಮಲಗಿದವರ ಮೇಲೆ ಕುಸಿಯಬಹುದು. ತೇವದ ಮಾತು ಬೂಷ್ಟಿಗೆ ಮುಗಿಯುವುದಿಲ್ಲ, ಪ್ರಾಣದ ತನಕ ಹೋಗುತ್ತದೆ. ಆದ್ದರಿಂದ ಗೋಡೆಯಲ್ಲಿ ಹೂತ ತೊಲೆಯ ತುದಿಯನ್ನು ವರ್ಷಕ್ಕೊಮ್ಮೆ ಚೂಪು ಕಬ್ಬಿಣದಿಂದ ಚುಚ್ಚಿ ನೋಡಬೇಕು. ಸಲೀಸಾಗಿ ಇಳಿದರೆ ಆ ತೊಲೆಯನ್ನು ನಂಬಬೇಡಿ. ಕೆಳಗೆ ಆನಿಕೆ ಕೊಟ್ಟು ಬಡಗಿಯನ್ನು ಕರೆಸಿ.

ಇನ್ನು ನಮ್ಮ ಮನೆಯ ತಪ್ಪನ್ನೂ ಹೇಳಿಬಿಡುತ್ತೇವೆ. ಹಂಚಿನಿಂದ ಎರಚಲು ಬರುತ್ತದೆಂದು ಕೆಲವು ವರ್ಷದ ಹಿಂದೆ ಹಂಚಿನಡಿ ಪ್ಲಾಸ್ಟಿಕ್ ಹಾಳೆ ಬಿಗಿದೆವು, ಗಾಳಿಗೆ ಬೆರಳಷ್ಟು ಸಂದು ಬಿಡದೆ. ಎರಚಲು ನಿಂತಿತು. ಶ್ರಾವಣದಲ್ಲಿ ನೋಡಿದರೆ ಹಾಳೆಯ ಕೆಳಮೈಯೆಲ್ಲ ಹನಿ, ಚಾಲಿ ಅಡಿಕೆಯ ಆರು ಚೀಲ ಬೂಷ್ಟು. ಸದಸ್ಯರಿಗೆಲ್ಲ ಉಪದೇಶಿಸುವ ಕಾರ್ಯದರ್ಶಿಯ ಅಟ್ಟದ ಗತಿ ಇದು!

ಆದ್ದರಿಂದ ಈ ವರ್ಷ ಮಾಡಬೇಕಾದ್ದು:

1. ಬಚ್ಚಲು, ಅಡಿಗೆಮನೆಯ ಆವಿಗೆ ನೇರ ಹೊರದಾರಿ ಕೊಡಿ, ಅಟ್ಟಕ್ಕೆ ಬಿಡಬೇಡಿ. ಅಟ್ಟದ ಏಣಿಬಾಯಿಗೆ ಮುಚ್ಚಳವಿರಲಿ.

2. ಅಟ್ಟದ ಎದುರುಬದುರು ಕೊನೆಗಳಲ್ಲಿ ಎರಡು ಕಿಂಡಿ, ಒಂದು ತಗ್ಗಿನಲ್ಲಿ, ಒಂದು ಎತ್ತರದಲ್ಲಿ. ಇಲಿ ಬಾರದಂತೆ ಜಾಲರಿ.

3. ಕಿಂಡಿಗೆ ಬಾಗಿಲಿರಲಿ. ಬೀದರಿನ ಚಳಿಗಾಲದ ಹೊರಗಾಳಿ ಒಣಗಾಳಿ, ತೆರೆದಿಟ್ಟರೆ ಲಾಭ. ನಮ್ಮ ಆಷಾಢದ ಗಾಳಿಯೇ ಒದ್ದೆ. ಮಂಜು, ಜಡಿಮಳೆಯಲ್ಲಿ ಮುಚ್ಚಿ, ಬಿಸಿಲು ಬಿದ್ದ ಹೊತ್ತಿನಲ್ಲಿ ತೆರೆಯಿರಿ.

4. ಹಂಚು ಅಥವಾ ತಗಡಿನಡಿ ಹಾಳೆ ಬಿಗಿಯುವುದಾದರೆ ಎರಡರ ನಡುವೆ ಗಾಳಿಯಾಡಲು ಜಾಗವಿರಲಿ. ಹಾಳೆಯ ಕೆಳಗೂ ಕಿಂಡಿಯ ಗಾಳಿ ಹಾಯಲಿ.

5. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ.

6. ಹಸಿ ಸರಕನ್ನು ಅಟ್ಟಕ್ಕೆ ಏರಿಸಬೇಡಿ. ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇ. 10, ಮೆಣಸು ಶೇ. 11ರ ಸುಮಾರಿಗೆ ಇಳಿದಿರಬೇಕು. ಸುತ್ತಲಿನ ಗಾಳಿಯ ಆರ್ದ್ರತೆ ಶೇ. 70 ದಾಟಿ ನಿಂತರೆ ಬೂಷ್ಟಿಗೆ ಹಬ್ಬ.

ಭಾಲ್ಕಿಯ ರೈತರು ಮುಚ್ಚಿದ್ದ ಬೆಳಕಿಂಡಿ ತೆರೆದು, ಎದುರು ಗೋಡೆಗೆ ಇನ್ನೊಂದು ಕಿಂಡಿ ಕೊರೆಸಿದರು. ಬೂಷ್ಟು ಹಿಡಿದ ಕಾಳನ್ನು ಊಟಕ್ಕೂ ದನಕ್ಕೂ ಹಾಕಬಾರದೆಂದು ಹೇಳಿದೆವು; ಕೆಲವು ಬೂಷ್ಟುಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ಹದಿನೈದು ದಿನದ ಮೇಲೆ ಫೋನ್ ಮಾಡಿ, ಹನಿ ನಿಂತಿತೆಂದರು. ಉದ್ದಿನ ಬೀಜ ಮಾತ್ರ ಹೊಸದಾಗಿ ಕೊಳ್ಳಬೇಕಾಯಿತು.

ಹಂಚು ಕೈಯಾಡಿಸುವವರು ಬರುವ ಮುನ್ನ ಒಂದು ಬೆಳಗಿನ ಜಾವ ಟಾರ್ಚ್ ಹಿಡಿದು ತಾವೇ ಅಟ್ಟ ಹತ್ತಿ ನೋಡಿ. ಒಳಮೈ ಮುಟ್ಟಿ ನೋಡಿ. ಡಾಂಬರಿಗೆ ದುಡ್ಡು ಕೊಡುವ ಮೊದಲು ಇಷ್ಟು ಮಾಡಿದರೆ ಸಾಕು.