ತಂದೆಯ ನೆನಪಿನ ರೈಫಲ್

ಪೊಲೀಸ್ ಇಲಾಖೆಯಲ್ಲಿದ್ದ ತಂದೆಯವರ ನೆನಪಿಗೆ ಭಾರತದ ಇಷಾಪುರ ಬಂದೂಕು ಕಾರ್ಖಾನೆಯ 2ಎ1 ರೈಫಲ್ ಕೊಳ್ಳಬೇಕೆಂದು ಟೆಕ್ಸಸ್‌ನಿಂದ ಬರೆದಿದ್ದೀರಿ. ಆ ಆಸೆ ನನ್ನ ಮನಸ್ಸನ್ನೂ ಮುಟ್ಟಿತು.

ಅಮೆರಿಕದ ಫೆಡರಲ್ ನಿಯಮದ ಪ್ರಕಾರ ತಯಾರಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಬಂದೂಕು ‘ಕ್ಯೂರಿಯೊ ಅಂಡ್ ರೆಲಿಕ್’ ಎಂಬ, ಸಂಗ್ರಹಯೋಗ್ಯ ಹಳೆಯ ಬಂದೂಕುಗಳ ವರ್ಗಕ್ಕೆ ಸೇರುತ್ತದೆ. 1960ರ ದಶಕದ್ದಾದರೆ ವಯಸ್ಸಿನ ತಕರಾರಿಲ್ಲ. ತೊಡಕಿರುವುದು ರೂಪದಲ್ಲಿ. ಇಷಾಪುರದ ಎಷ್ಟೋ ರೈಫಲ್‌ಗಳ ನಳಿಕೆ ಕತ್ತರಿಸಿ ‘ಜಂಗಲ್ ಕಾರ್ಬೈನ್’ ಎಂದು ಅಮೆರಿಕದಲ್ಲಿ ಮಾರಿದ್ದಾರೆ. ಹಾಗೆ ತಿದ್ದಿದ ರೈಫಲ್‌ಗೆ ವಯಸ್ಸಿನ ಬಲದಿಂದಷ್ಟೇ ಈ ಮಾನ್ಯತೆ ಸಿಗದು. ಹಣ ಕೊಡುವ ಮುನ್ನ ನಳಿಕೆ, ಮರದ ಭಾಗ, ಮುದ್ರೆ ಎಲ್ಲವನ್ನೂ ಬಲ್ಲವರಿಗೆ ತೋರಿಸಿ.

ಈ ವರ್ಗದ ಬಂದೂಕುಗಳ ಸಂಗ್ರಾಹಕರ ಲೈಸೆನ್ಸ್‌ಗೆ ಮೂರು ವರ್ಷಕ್ಕೆ 30 ಡಾಲರ್. ಅದಿದ್ದರೆ ಬೇರೆ ರಾಜ್ಯದಿಂದಲೂ ಇಂಥದ್ದನ್ನು ನೇರವಾಗಿ ತರಿಸಬಹುದು. ಪ್ರತಿ ಖರೀದಿಯನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕು. ಲಾಭಕ್ಕಾಗಿ ವ್ಯಾಪಾರ ನಡೆಸುವಂತಿಲ್ಲ.

ನಿಮ್ಮ ವೀಸಾ ಯಾವುದೆಂದು ತಿಳಿಸಿಲ್ಲ. ಎಚ್‌1ಬಿ ಆದರೆ, ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳ ಹೊರತು, ಬಂದೂಕು ಕೈಯಲ್ಲಿರುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಆ ನಿಷೇಧವಿಲ್ಲ. ದಯವಿಟ್ಟು ಮೊದಲು ವಕೀಲರನ್ನು ಕಾಣಿ, ರೈಫಲ್ ಆಮೇಲೆ ನೋಡೋಣ.