ಹಿತ್ತಿಲಿನ ವನ್ಯಜೀವಿಗಳು

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಕನ್ನಡದ ಹಳೆಯ ಗಾದೆ. ಕೈಗೆಟಕುವಷ್ಟು ಸಮೀಪದಲ್ಲಿರುವ ವಸ್ತುವಿನ ಬೆಲೆಯನ್ನು ಮನುಷ್ಯನು ಅರಿಯುವುದಿಲ್ಲ ಎಂಬುದು ಇದರ ತಾತ್ಪರ್ಯ. ವನ್ಯಜೀವಿಗಳ ವಿಷಯದಲ್ಲಿಯೂ ಈ ಮಾತು ಸತ್ಯವಾಗಿದೆ. ವನ್ಯಜೀವಿ ಎಂದೊಡನೆ ಜನರ ಕಣ್ಣ ಮುಂದೆ ಬಂಡೀಪುರದ ಹುಲಿ, ನಾಗರಹೊಳೆಯ ಆನೆ, ರಂಗನತಿಟ್ಟಿನ ಕೊಕ್ಕರೆಗಳು ಸುಳಿಯುತ್ತವೆ. ಆದರೆ ಮನೆಯ ಹಿಂದಿನ ಕರಿಬೇವಿನ ಗಿಡದಲ್ಲಿ, ದಾಸವಾಳದ ಪೊದೆಯಲ್ಲಿ, ಬಾವಿಕಟ್ಟೆಯ ಪಾಚಿಯಲ್ಲಿ ಬಾಳುತ್ತಿರುವ ಕಿರುಜೀವಿಗಳೂ ವನ್ಯಜೀವಿಗಳೇ. ಅವುಗಳನ್ನು ಯಾರೂ ಸಾಕಿದುದಿಲ್ಲ. ಅವು ಯಾರ ಅಪ್ಪಣೆಗೂ ಕಾಯುವುದಿಲ್ಲ.

ಇಂತಹ ಸಾಮಾನ್ಯ ಸ್ಥಳದಲ್ಲಿ ಎಷ್ಟು ಜೀವಿಗಳಿರಲು ಸಾಧ್ಯ? ಈ ಪ್ರಶ್ನೆಗೆ ಇಂಗ್ಲೆಂಡಿನ ಜೀವವಿಜ್ಞಾನಿ ಜೆನಿಫರ್ ಓವೆನ್ ಅವರು ತಮ್ಮ ಮನೆಯಲ್ಲಿಯೇ ಉತ್ತರ ಹುಡುಕಿದರು. ಲೆಸ್ಟರ್ ನಗರದಲ್ಲಿದ್ದ ತಮ್ಮ ಮನೆಯ ಕೈತೋಟವನ್ನು ಅವರು 1972ರಿಂದ 30 ವರ್ಷಗಳ ಕಾಲ ಎಡೆಬಿಡದೆ ಪರಿಶೀಲಿಸಿದರು. ಆ ಅವಧಿಯಲ್ಲಿ ಅಲ್ಲಿ ಅವರು ಗುರುತಿಸಿದ ಸಸ್ಯ ಮತ್ತು ಪ್ರಾಣಿಗಳ ಪ್ರಭೇದಗಳು 2,673. ಇವುಗಳಲ್ಲಿ ಕೀಟಗಳೇ ಸುಮಾರು ಎರಡು ಸಾವಿರ. ಕನ್ನಡದ ಸಾಹಿತಿ ಪೂರ್ಣಚಂದ್ರ ತೇಜಸ್ವಿ (1938–2007) ಅವರೂ ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ತಾಳ್ಮೆಯಿಂದ ಕಾದು ಕುಳಿತು ಹಕ್ಕಿಗಳ ಛಾಯಾಚಿತ್ರಗಳನ್ನು ತೆಗೆದವರು. ನೋಡುವ ಕಣ್ಣಿದ್ದರೆ ನೋಡಬೇಕಾದುದು ಹತ್ತಿರದಲ್ಲಿಯೇ ಇದೆ ಎಂಬುದಕ್ಕೆ ಇವರಿಬ್ಬರೂ ನಿದರ್ಶನ.

ಹಿತ್ತಿಲಿನ ಜೀವಿಗಳ ಛಾಯಾಚಿತ್ರ ತೆಗೆಯಲು ನಮ್ಮ ನಾಡಿನಲ್ಲಿ ಶರದೃತುವಿನ ಆರಂಭವು ಬಹಳ ಪ್ರಶಸ್ತವಾದ ಕಾಲ. ಭಾದ್ರಪದ ಕಳೆದು ಆಶ್ವಯುಜ ಮಾಸ ಕಾಲಿಡುವ ವೇಳೆಗೆ ಮುಂಗಾರಿನ ಅಬ್ಬರ ತಗ್ಗಿರುತ್ತದೆ. ಮಳೆಯಿಂದ ತೊಳೆದ ಗಾಳಿಯಲ್ಲಿ ಧೂಳು ಕಡಿಮೆ. ಆದುದರಿಂದ ಬೆಳಕು ತಿಳಿಯಾಗಿರುತ್ತದೆ. ಗಿಡಗಳಲ್ಲಿ ಚಿಗುರೆಲೆಗಳು ತುಂಬಿರುತ್ತವೆ. ಎಲೆಯನ್ನು ತಿನ್ನಲು ಹುಳುಗಳು, ಹುಳುಗಳನ್ನು ತಿನ್ನಲು ಜೇಡ, ಓತಿಕ್ಯಾತ ಮತ್ತು ಹಕ್ಕಿಗಳು, ಹೀಗೆ ಒಂದನ್ನು ಹಿಂಬಾಲಿಸಿ ಮತ್ತೊಂದು ಬರುತ್ತವೆ.

ಸೂರ್ಯೋದಯದ ನಂತರದ ಒಂದೆರಡು ಗಂಟೆಗಳು ಛಾಯಾಗ್ರಾಹಕನಿಗೆ ಅಮೂಲ್ಯವಾದವು. ನಡುಹಗಲಿನ ಬಿಸಿಲಿನಲ್ಲಿ ನೆರಳುಗಳು ಕಡುಕಪ್ಪಾಗಿ, ಬೆಳಕು ಬಿದ್ದ ಭಾಗಗಳು ಬೆಳ್ಳಗೆ ಬಿಳಿಚಿಕೊಂಡು ಚಿತ್ರವು ಕೆಡುತ್ತದೆ. ಬೆಳಗಿನ ಓರೆಬಿಸಿಲು ಮೃದುವಾದುದು. ಅಲ್ಲದೆ ಕೀಟಗಳು ತಮ್ಮ ಮೈಯ ಶಾಖಕ್ಕಾಗಿ ಹೊರಗಿನ ಶಾಖವನ್ನು ಅವಲಂಬಿಸಿರುವುದರಿಂದ, ತಂಪಾದ ಮುಂಜಾನೆಯಲ್ಲಿ ಚುರುಕಾಗಿ ಹಾರಲಾರವು. ರೆಕ್ಕೆಯ ಮೇಲೆ ಇಬ್ಬನಿ ಹೊತ್ತು ಹುಲ್ಲಿನ ತುದಿಯಲ್ಲಿ ಕುಳಿತ ಚಿಟ್ಟೆಯನ್ನು ಆ ಹೊತ್ತಿನಲ್ಲಿ ಸಮೀಪದಿಂದ ಕಾಣಬಹುದು.

ಇದೇ ಹೊತ್ತಿನಲ್ಲಿ ಜೇಡರ ಬಲೆಗಳೂ ಹೊಳೆಯುತ್ತವೆ. ಪೊದೆಗಳ ನಡುವೆ ಬಲೆ ನೇಯುವ ಒಂದು ಬಗೆಯ ತೋಟದ ಜೇಡವು ಬಲೆಯ ಮಧ್ಯದಲ್ಲಿ ಬಿಳಿಯ ನೂಲಿನಿಂದ ಅಂಕುಡೊಂಕಾದ ಗೆರೆಗಳನ್ನು ಗುಣಾಕಾರದ ಗುರುತಿನಂತೆ ಹಾಕುತ್ತದೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಆ ಗೆರೆಗಳ ಮೇಲೆಯೇ ತಲೆ ಕೆಳಗಾಗಿ ಕುಳಿತಿರುತ್ತದೆ. ಈ ಗೆರೆಗಳು ಬೇಟೆಯನ್ನು ಆಕರ್ಷಿಸಲೆಂದು ಕೆಲವು ವಿಜ್ಞಾನಿಗಳೂ, ಹಕ್ಕಿಗಳು ಬಲೆಯನ್ನು ಹರಿಯದಂತೆ ಎಚ್ಚರಿಸಲೆಂದು ಬೇರೆ ಕೆಲವರೂ ಹೇಳುತ್ತಾರೆ. ಇಷ್ಟು ಹತ್ತಿರದಿಂದ ಚಿತ್ರ ತೆಗೆಯುವಾಗ ಸ್ಪಷ್ಟವಾಗಿ ಮೂಡುವ ಆಳವು ಕೆಲವೇ ಮಿಲಿಮೀಟರುಗಳಷ್ಟಿರುತ್ತದೆ. ಆದುದರಿಂದ ಕ್ಯಾಮರಾವನ್ನು ಬಲೆಗೆ ಸಮಾನಾಂತರವಾಗಿ ಹಿಡಿಯಬೇಕು. ಸ್ವಲ್ಪ ಓರೆಯಾದರೂ ಒಂದು ಬದಿ ಮಸುಕಾಗುತ್ತದೆ. ನಿಂತಲ್ಲಿಂದ ಬಗ್ಗಿ ನೋಡದೆ, ಮಂಡಿಯೂರಿ ಜೀವಿಯ ಕಣ್ಣಿನ ಮಟ್ಟಕ್ಕೆ ಇಳಿಯುವುದು ಮತ್ತೊಂದು ಮುಖ್ಯ ನಿಯಮ. ಈ ನಿಯಮಗಳು ಬೆಲೆಬಾಳುವ ಕ್ಯಾಮರಾಕ್ಕೆ ಅನ್ವಯಿಸುವಂತೆ ಮೊಬೈಲ್ ಫೋನಿನ ಕ್ಯಾಮರಾಕ್ಕೂ ಅನ್ವಯಿಸುತ್ತವೆ.

ಒಂದೇ ಚಿತ್ರದಿಂದ ತಿಳಿಯದ ಸಂಗತಿಗಳು ಚಿತ್ರಗಳ ಸರಣಿಯಿಂದ ತಿಳಿದುಬರುತ್ತವೆ. ಕರಿಬೇವು ಮತ್ತು ನಿಂಬೆಯ ಎಲೆಗಳ ಮೇಲೆ ಕಪ್ಪು-ಬಿಳುಪು ಮಚ್ಚೆಯ, ಹಕ್ಕಿಯ ಹಿಕ್ಕೆಯಂತೆ ತೋರುವ ಒಂದು ವಸ್ತುವನ್ನು ಎಲ್ಲರೂ ಕಂಡಿರುತ್ತಾರೆ. ಅದು ಹಿಕ್ಕೆಯಲ್ಲ, ನಿಂಬೆ ಚಿಟ್ಟೆಯ ಎಳೆಯ ಕಂಬಳಿಹುಳು. ಹಕ್ಕಿಗಳು ಹಿಕ್ಕೆಯೆಂದೇ ಬಗೆದು ಅದನ್ನು ಬಿಟ್ಟುಹೋಗುವುದರಿಂದ ಈ ವೇಷವೇ ಅದಕ್ಕೆ ರಕ್ಷಣೆ. ಬೆಳೆದಂತೆ ಅದು ಎಲೆಯಂತೆ ಹಸುರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲಾದ ಕೋಡೊಂದನ್ನು ಹೊರಚಾಚಿ ಕಟುವಾದ ವಾಸನೆಯನ್ನು ಸೂಸುತ್ತದೆ. ಅನಂತರ ಕೊಂಬೆಗೆ ರೇಷ್ಮೆಯ ಎಳೆಯಿಂದ ತನ್ನನ್ನು ಬಿಗಿದುಕೊಂಡು ಕೋಶವಾಗುತ್ತದೆ. ಕೊನೆಗೊಂದು ದಿನ ಕೋಶ ಬಿರಿದು ಮುದುಡಿದ ರೆಕ್ಕೆಗಳ ಚಿಟ್ಟೆ ಹೊರಬಂದು, ರೆಕ್ಕೆಗಳನ್ನು ಹರಡಿ ಒಣಗಿಸಿ ಹಾರಿಹೋಗುತ್ತದೆ. ಪ್ರತಿದಿನ ಅದೇ ಗಿಡದ ಮುಂದೆ ನಿಂತು ಒಂದೊಂದು ಚಿತ್ರ ತೆಗೆದವನಿಗೆ ಕೆಲವೇ ವಾರಗಳಲ್ಲಿ ಒಂದು ಜೀವನಚರಿತ್ರೆಯೇ ದೊರೆಯುತ್ತದೆ. ಎಲೆ ತಿನ್ನುವ ಹುಳುವೆಂದು ಔಷಧಿ ಸಿಂಪಡಿಸಿದವನಿಗೆ ಆ ಚಿಟ್ಟೆ ಎಂದಿಗೂ ಕಾಣಸಿಗದು.

ಶರತ್ಕಾಲದ ಸಂಜೆಗಳಲ್ಲಿ ಅಂಗಳದ ಮೇಲೆ ಗುಂಪುಗುಂಪಾಗಿ ಸುಳಿದಾಡುವ, ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎಂದು ಕರೆಯುವ ಕೀಟಗಳ ಕಥೆ ಇನ್ನೂ ವಿಸ್ಮಯಕರ. ಇವುಗಳಲ್ಲಿ ಹೊಂಬಣ್ಣದ ಒಂದು ಪ್ರಭೇದದ ದೇಹದ ಉದ್ದ ಎರಡು ಅಂಗುಲಕ್ಕಿಂತಲೂ ಕಡಿಮೆ. ಪ್ರತಿ ವರ್ಷ ಅಕ್ಟೋಬರಿನ ಹೊತ್ತಿಗೆ ಈ ಕೀಟಗಳು ಮಾಲ್ಡೀವ್ಸ್ ದ್ವೀಪಗಳಲ್ಲಿ ಅಸಂಖ್ಯವಾಗಿ ಕಾಣಿಸಿಕೊಳ್ಳುವುದನ್ನು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಗಮನಿಸಿದರು. ಇವು ಗಾಳಿಯ ನೆರವಿನಿಂದ ಭಾರತದಿಂದ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕವನ್ನು ಸೇರುತ್ತವೆ ಎಂದು ಅವರು 2009ರಲ್ಲಿ ಪ್ರತಿಪಾದಿಸಿದರು. ಬಾಲಕ್ಕೆ ದಾರ ಕಟ್ಟಿ ಹುಡುಗರು ಆಡಿಸುವ ಪುಟ್ಟ ಕೀಟವು ಸಾಗರವನ್ನು ದಾಟಲು ಹೊರಟ ಯಾತ್ರಿಕನಾಗಿರಬಹುದು. ಇದರ ಚಿತ್ರ ತೆಗೆಯಲು ದಾರ ಬೇಕಾಗಿಲ್ಲ. ಸಂಜೆ ಅದು ಕಡ್ಡಿಗೆ ಜೋತು ವಿಶ್ರಮಿಸುವವರೆಗೆ ಕಾಯುವ ತಾಳ್ಮೆ ಬೇಕು.

ತಾಳ್ಮೆಗಿಂತಲೂ ದೊಡ್ಡದಾದ ಒಂದು ಗುಣ ಛಾಯಾಗ್ರಾಹಕನಿಗೆ ಅವಶ್ಯಕ. ಅದು ಸಂಯಮ. ಮನೆಯ ಬಳಿಯ ಗಿಡಗಳಲ್ಲಿ ಸೂರಕ್ಕಿಯು ನಾರು, ತೊಗಟೆಯ ಚೂರು, ಜೇಡರ ಬಲೆಗಳನ್ನು ಸೇರಿಸಿ ತೂಗುವ ಚೀಲದಂತಹ ಗೂಡನ್ನು ಕಟ್ಟುತ್ತದೆ. ಮರಿಗಳು ಬಾಯ್ದೆರೆದು ಗುಟುಕು ಬೇಡುವ ದೃಶ್ಯ ಯಾರನ್ನಾದರೂ ಸೆಳೆಯುತ್ತದೆ. ಆದರೆ ಎರಡು ಎಲೆಗಳು ಗೂಡಿಗೆ ಅಡ್ಡವಾಗಿವೆ. ಅವನ್ನು ಕಿತ್ತರೆ ಚಿತ್ರವು ಅತ್ಯುತ್ತಮವಾಗುತ್ತದೆ. ಛಾಯಾಗ್ರಾಹಕನ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಅವನಿಗೆ ಅಡ್ಡಿಯಾದ ಆ ಎಲೆಗಳೇ ಮರಿಗಳಿಗೆ ಬಿಸಿಲಿನ ಕೊಡೆ, ಕಾಗೆಯ ಕಣ್ಣಿನಿಂದ ಮರೆಮಾಡುವ ತೆರೆ. ತಾಯಿಹಕ್ಕಿಯು ಕೊಕ್ಕಿನಲ್ಲಿ ಆಹಾರವನ್ನು ಹಿಡಿದು, ಗೂಡಿಗೆ ಬಾರದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದರೆ, ಅದು ಮನುಷ್ಯನಿಗೆ ಅಂಜುತ್ತಿದೆ ಎಂದೇ ಅರ್ಥ. ಆಗ ಚಿತ್ರದ ಆಸೆಯನ್ನು ಬಿಟ್ಟು ಹಿಂದೆ ಸರಿಯಬೇಕು. ಇಲ್ಲವಾದರೆ ಕ್ಯಾಮರಾದಲ್ಲಿ ಉಳಿದ ಮರಿ ಗೂಡಿನಲ್ಲಿ ಉಳಿಯದೆ ಹೋದೀತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ (1972) ರಕ್ಷಿತ ಹಕ್ಕಿಗಳ ಗೂಡು ಮತ್ತು ಮೊಟ್ಟೆಗಳಿಗೆ ಕೇಡು ಮಾಡುವುದನ್ನು ನಿಷೇಧಿಸಿದೆ. ಆದರೆ ಹಿತ್ತಿಲಿನಲ್ಲಿ ಕಾವಲುಗಾರನಿಲ್ಲ; ಅಲ್ಲಿ ನೋಡುವವನ ಮನಸ್ಸೇ ಕಾವಲು.

ತೆಗೆದ ಚಿತ್ರದೊಡನೆ ದಿನಾಂಕ, ವೇಳೆ, ಜೀವಿಯು ಕುಳಿತಿದ್ದ ಗಿಡದ ಹೆಸರು ಇವುಗಳನ್ನು ಬರೆದಿಡುವುದು ಉತ್ತಮ ಅಭ್ಯಾಸ. ಒಂದು ವರ್ಷದ ಟಿಪ್ಪಣಿಯು ಮುಂದಿನ ವರ್ಷದ್ದರೊಡನೆ ಹೋಲಿಕೆಗೆ ಒದಗುತ್ತದೆ. ಯಾವ ಚಿಟ್ಟೆ ತಡವಾಗಿ ಬಂದಿತು, ಯಾವುದು ಬರಲೇ ಇಲ್ಲ, ಅಂಗಳಕ್ಕೆ ಸಿಮೆಂಟು ಹಾಕಿದ ಮೇಲೆ ಏನೇನು ಮರೆಯಾಯಿತು ಎಂಬ ಪ್ರಶ್ನೆಗಳಿಗೆ ಅಂತಹ ಟಿಪ್ಪಣಿಗಳೇ ಸಾಕ್ಷಿ ನುಡಿಯಬಲ್ಲವು. ಓವೆನ್ ಅವರ ಮೂವತ್ತು ವರ್ಷಗಳ ಸಾಧನೆಯೂ ಇಂತಹ ದಿನದಿನದ ದಾಖಲೆಗಳಿಂದಲೇ ಬೆಳೆದುದು.

ಹೀಗೆ ಬೆಳಗಿನ ಒಂದು ಗಂಟೆಯನ್ನು ಹಿತ್ತಿಲಿನಲ್ಲಿ ಕಳೆಯುವವನಿಗೆ ದೊರೆಯುವುದು ಚಿತ್ರಗಳಷ್ಟೇ ಅಲ್ಲ. ನಿನ್ನೆಯವರೆಗೆ ಕಸವೆಂದು ತೋರಿದುದು ಇಂದು ಬಲೆಯಾಗಿ, ಗೂಡಾಗಿ, ಕೋಶವಾಗಿ ಕಾಣುತ್ತದೆ. ಹಾಗೆ ಕಾಣಲು ಕಲಿತವನ ಕೈ ಕರಿಬೇವಿನ ಎಲೆಯನ್ನು ಕೀಳುವ ಮೊದಲು ಅದರ ಮೇಲೊಂದು ಹುಳುವಿದೆಯೇ ಎಂದು ಕ್ಷಣಕಾಲ ತಡೆಯುತ್ತದೆ.